ಬೌರಿಂಗ್‌ಪೇಟೆಯ ಬಯಲು: ತೋಳ ಹೋದ ದಾರಿ, ಆನೆ ಬಂದ ದಾರಿ

'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಎಂಬ ಗಾದೆ ನಮ್ಮೆಲ್ಲರ ಬಾಯಲ್ಲೂ ಇದೆ. ಅಧಿಕಾರ ಕಳೆದುಕೊಂಡ ರಾಜಕಾರಣಿಗೋ ಸಾಲದಲ್ಲಿ ಮುಳುಗಿದ ವ್ಯಾಪಾರಿಗೋ ಅದನ್ನು ಅನ್ವಯಿಸಿ ನಗುತ್ತೇವೆ. ಆದರೆ ಗಾದೆ ಹುಟ್ಟಿದ್ದು ಹೋಲಿಕೆಗಾಗಿ ಅಲ್ಲ. ಅದು ಕಣ್ಣಾರೆ ಕಂಡವರ ಮಾತು. ಕುರಿಹಟ್ಟಿಯ ಸುತ್ತ ಗುಂಡಿ ತೋಡಿ, ಮೇಲೆ ಸೊಪ್ಪು ಹರವಿ, ರಾತ್ರಿಯಿಡೀ ಕಾದು, ಬೆಳಗಾದಾಗ ಬಿದ್ದ ಪ್ರಾಣಿಯನ್ನು ಊರೆಲ್ಲ ಸೇರಿ ಕಲ್ಲು ಹೊಡೆದು ಕೊಂದ ಒಂದು ಕಾಲದ ನೆನಪು ಅದರಲ್ಲಿದೆ. ಆಳಿಗೊಂದು ಕಲ್ಲು ಎಂದರೆ ಊರಿನ ಪ್ರತಿಯೊಬ್ಬನಿಗೂ ಆ ಸಿಟ್ಟಿನಲ್ಲಿ ಪಾಲಿತ್ತು ಎಂದರ್ಥ.

ಕೋಲಾರದ ಸೀಮೆಯಲ್ಲಿ ಒಂದೊಂದು ಪ್ರಾಣಿಗೂ ನಾಲ್ಕು ಹೆಸರು. ಕನ್ನಡದ ತೋಳ ತೆಲುಗು ಮಾತನಾಡುವ ಓಣಿಯಲ್ಲಿ ತೋಡೇಲು, ಚಿನ್ನದ ಗಣಿಯ ತಮಿಳು ಲೈನುಗಳಲ್ಲಿ ಓನಾಯ್, ಮುಸ್ಲಿಮರ ಮನೆಗಳಲ್ಲಿ ಭೇಡಿಯಾ. ಭೇಡ್ ಎಂದರೆ ಕುರಿ. ಕುರಿಯ ಹೆಸರಿನಿಂದಲೇ ತೋಳದ ಹೆಸರು. ಕುರಿ ಇಲ್ಲದೆ ತೋಳದ ಮಾತೇ ಇಲ್ಲ ಎನ್ನುವಂತೆ. ಕುರ್‌ಆನ್‌ನ ಯೂಸುಫ್ ಅಧ್ಯಾಯದಲ್ಲಿ ಅಣ್ಣಂದಿರು ತಮ್ಮನನ್ನು ಬಾವಿಗೆ ತಳ್ಳಿ, ತೋಳ ತಿಂದಿತು ಎಂದು ತಂದೆಯ ಮುಂದೆ ಅಳುವ ಪ್ರಸಂಗವಿದೆ. ಅಲ್ಲಿ ತೋಳ ನಿರಪರಾಧಿ. ಮನುಷ್ಯ ತನ್ನ ತಪ್ಪನ್ನು ಹೊರಿಸಲು ಅಷ್ಟು ಸುಲಭವಾಗಿ ಸಿಕ್ಕ ಪ್ರಾಣಿ ಅದು ಎಂಬುದು ಆ ಕಥೆ ಕೇಳಿ ಬೆಳೆದ ಮಕ್ಕಳಿಗೆಲ್ಲ ಗೊತ್ತು. ನಾನು ಈ ಲೇಖನ ಬರೆಯಲು ಕೂತಾಗ ಗಾದೆಯ ತೋಳ, ಕಥೆಯ ತೋಳ ಎರಡೂ ಕಣ್ಣ ಮುಂದೆ ಬಂದವು. ಬಯಲಿನ ತೋಳ ಮಾತ್ರ ಬರಲಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ಕಿಟಕಿಯ ಪಕ್ಕ ಕೂತರೆ ಈ ಸೀಮೆಯ ಚರಿತ್ರೆಯ ಒಂದು ಭಾಗ ಹದಿನೈದು ಕಿಲೋಮೀಟರಿನಲ್ಲೇ ಕಾಣುತ್ತದೆ. ರಾಗಿ ಹೊಲ, ಬತ್ತಿದ ಕೆರೆಯ ಅಂಗಳ, ನೀಲಗಿರಿ ತೋಪು, ಬೋಳುಗುಡ್ಡ, ಆಮೇಲೆ ಇದ್ದಕ್ಕಿದ್ದಂತೆ ಸೈನೈಡ್ ದಿಬ್ಬಗಳು. ಮದ್ರಾಸಿನ ರೈಲು ಬೆಂಗಳೂರು ಮುಟ್ಟಿದ್ದು 1864ರಲ್ಲಿ. ಆ ದಾರಿಯ ಜಂಕ್ಷನ್ ಊರಿಗೆ ಆಗ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್‌ನ ಹೆಸರಿಟ್ಟರು, ಬೌರಿಂಗ್‌ಪೇಟೆ. ಗಣಿಗೆ ಕವಲು ಹಾದಿ ಬಂದದ್ದು 1894ರಲ್ಲಿ. ಕಾಲಾಂತರದಲ್ಲಿ ಬೌರಿಂಗ್ ಹೋಗಿ ಬಂಗಾರ ಉಳಿಯಿತು. ಈಗ ಬಂಗಾರವೂ ಹೋಗಿ ಹೆಸರಷ್ಟೇ ಇದೆ.

ಇದೇ ತಾಲ್ಲೂಕಿನ ಬೂದಿಕೋಟೆಯಲ್ಲಿ 1720ರ ಸುಮಾರಿಗೆ ಹೈದರ್ ಅಲಿ ಹುಟ್ಟಿದ. ಅವನ ತಂದೆ ಫತೇ ಮುಹಮ್ಮದ್ ಸಿರಾ ನವಾಬರ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದವನು. ಕೋಲಾರದ ಮಕಬರದಲ್ಲಿ ಅವನ ಸಮಾಧಿಯಿದೆ. ಕಮಿಷನರಿಕೆ ಬಿಟ್ಟು ಹೋದ ಎಷ್ಟೋ ವರ್ಷಗಳ ಮೇಲೆ, 1893ರಲ್ಲಿ, ಹೈದರ್ ಮತ್ತು ಟಿಪ್ಪುವಿನ ಚರಿತ್ರೆಯನ್ನು ಪುಸ್ತಕವಾಗಿ ಬರೆದವನು ಅದೇ ಬೌರಿಂಗ್. ಒಂದೇ ತಾಲ್ಲೂಕಿಗೆ ಒಬ್ಬನ ಹೆಸರು, ಇನ್ನೊಬ್ಬನ ಹುಟ್ಟು. ರೈಲ್ವೆ ನಕ್ಷೆಯವರಿಗೆ ಇದು ತಿಳಿದಿತ್ತೋ ಇಲ್ಲವೋ!

ಮೈಸೂರು ಸಂಸ್ಥಾನದ ಪೂರ್ವದ ಮೈದಾನ ಸೀಮೆ ಮೂಲತಃ ಹುಲ್ಲಿನ ನಾಡು. ಮಲೆನಾಡಿನ ಕಣ್ಣಿನಿಂದ ನೋಡಿದವರು ಇದನ್ನು ಬರಡು ಎಂದರು. ಕಂದಾಯದ ಪುಸ್ತಕ ಖರಾಬು ಎಂದಿತು. ಆದರೆ ಮಳೆ ಬಿದ್ದ ಹದಿನೈದೇ ದಿನಕ್ಕೆ ಹಸಿರಾಗಿ, ಸಂಕ್ರಾಂತಿಯ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗುವ ಈ ನೆಲದ ಮೇಲೆ ಕೃಷ್ಣಮೃಗ, ಮೊಲ, ನರಿ, ತೋಳ ಬದುಕಿದ್ದವು. ಅವುಗಳ ಜೊತೆಗೇ ಕುರಿ, ಮೇಕೆ, ದನ. ಚಿಕ್ಕದೇವರಾಯ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಕರೆದ. ಅದರ ದನಗಳಿಗಾಗಿ ಸಂಸ್ಥಾನದ ಉದ್ದಗಲಕ್ಕೆ ಕಾವಲುಗಳನ್ನು ಮೀಸಲಿಡಲಾಗಿತ್ತು. ಹೈದರನ ಫಿರಂಗಿ ಎಳೆದ ಎತ್ತುಗಳು ಮೇದದ್ದು ಅಂಥ ಹುಲ್ಲನ್ನು. ಯುದ್ಧದ ಲೆಕ್ಕಕ್ಕೆ ಕಾದಿಟ್ಟ ಆ ಕಾವಲುಗಳು ಯಾರೂ ಉದ್ದೇಶಿಸದೆಯೇ ಬಯಲಿನ ಕಾಡುಪ್ರಾಣಿಗಳಿಗೆ ಆಸರೆಯಾದವು. ಊರೂರಿನ ಗೋಮಾಳ ಅದೇ ಕೆಲಸವನ್ನು ಸಣ್ಣ ಅಳತೆಯಲ್ಲಿ ಮಾಡುತ್ತಿತ್ತು.

ಕುರಿಗಾರನ ವರ್ಷ ಈ ಹುಲ್ಲಿನ ಮೇಲೆಯೇ ನಡೆಯುತ್ತಿತ್ತು. ಮುಂಗಾರಿನಲ್ಲಿ ಗುಡ್ಡ, ಸುಗ್ಗಿಯಾದ ಮೇಲೆ ಹೊಲ. ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ದವಸ. ಉಣ್ಣೆಯಿಂದ ಕಂಬಳಿ. ಮಾಂಸದ ವ್ಯಾಪಾರಕ್ಕೆ ಹಟ್ಟಿಗೆ ಬರುತ್ತಿದ್ದವರಲ್ಲಿ ಮುಸ್ಲಿಂ ವರ್ತಕರು ಮುಖ್ಯರು. ತೊಗಲಿನದು ಇನ್ನೊಂದು ದಾರಿ: ಬಂಗಾರಪೇಟೆಯಿಂದ ಪೂರ್ವಕ್ಕೆ ಹೋಗುವ ಅದೇ ರೈಲು ಹಾದಿಯ ಮೇಲೆ, ಜೋಲಾರಪೇಟೆ ದಾಟಿದರೆ, ವಾಣಿಯಂಬಾಡಿ, ಆಂಬೂರು. ಅಲ್ಲಿನ ಮುಸ್ಲಿಂ ವರ್ತಕರ ಚರ್ಮ ಹದ ಮಾಡುವ ಕಾರ್ಖಾನೆಗಳು ದೇಶದಲ್ಲೇ ಹೆಸರಾದವು. ಕುರುಬರ ಹಟ್ಟಿ, ಗೊಲ್ಲರ ಹಟ್ಟಿ, ಕಸಾಯಿಯ ಅಂಗಡಿ, ಆಂಬೂರಿನ ತೊಗಲು, ಇವೆಲ್ಲ ಒಂದೇ ಹಗ್ಗದ ಎಳೆಗಳು. ಆದ್ದರಿಂದ ತೋಳ ಒಂದು ಕುರಿ ಹೊತ್ತರೆ ನಷ್ಟ ಒಬ್ಬನದಷ್ಟೇ ಅಲ್ಲ. ಬಕ್ರೀದಿಗೆಂದು ಸಾಕಿದ ಹೋತ, ಮದುವೆ ಸಾಲಕ್ಕೆಂದು ಎಣಿಸಿಟ್ಟ ಟಗರು, ಒಂದೊಂದಕ್ಕೂ ಒಂದೊಂದು ಮನೆಯ ಲೆಕ್ಕವಿತ್ತು.

ಹಾಗಿದ್ದೂ ಕುರಿಗಾರನಿಗೆ ತೋಳದ ಮೇಲೆ ಬರಿಯ ದ್ವೇಷವೇ ಇತ್ತು ಎನ್ನುವಂತಿಲ್ಲ. ಮುಳ್ಳಿನ ರೊಪ್ಪ, ನಾಯಿ, ರಾತ್ರಿಯ ಬೆಂಕಿ, ಕೂಗು: ಇವು ಅವನ ಆಯುಧಗಳು. ಮಹಾರಾಷ್ಟ್ರದ ಧನಗರರಲ್ಲಿ ತೋಳಕ್ಕೂ ಹಿಂಡಿನಲ್ಲಿ ಒಂದು ಪಾಲಿದೆ, ಅದು ಹಳೆಯ ದಾಯಾದಿ ಎಂಬ ನಂಬಿಕೆಯುಂಟು. ನಂಬಿಕೆ ಇದ್ದವನೂ ಗವಿಯಲ್ಲಿ ಮರಿ ಕಂಡರೆ ಹೊಗೆ ಹಾಕದೆ ಬಿಡುತ್ತಿದ್ದ ಎಂದೇನಲ್ಲ. ಚಳಿಗಾಲದಲ್ಲಿ ತೋಳ ಮರಿ ಹಾಕುತ್ತದೆ. ಬಂಡೆಯ ಸಂದಿಯಲ್ಲೋ ತೊರೆಯ ದಂಡೆಯಲ್ಲೋ ಬಿಲ ತೋಡುತ್ತದೆ. ಆ ಬಿಲಕ್ಕೆ ಹೊಗೆ ಹಾಕುವುದು, ಬಾಯಿಗೆ ಕಲ್ಲು ಮುಚ್ಚುವುದು ದಖ್ಖನಿನ ಎಲ್ಲೆಡೆ ನಡೆದ ಕೆಲಸ. ಪ್ರೀತಿ, ಸಿಟ್ಟು, ಭಯ, ಗೌರವ ಕಲಸಿಹೋದ ಸಂಬಂಧ ಅದು. ಇಂದಿನ ಪರಿಸರ ಬರಹಗಳಲ್ಲಿ ಕುರಿಗಾರನನ್ನು ಋಷಿಯೆಂದೋ ಕಟುಕನೆಂದೋ ಚಿತ್ರಿಸುವುದನ್ನು ಕಂಡಾಗ ಅವರು ಒಂದು ರಾತ್ರಿ ರೊಪ್ಪದ ಪಕ್ಕ ಮಲಗಿ ನೋಡಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ತೋಳಕ್ಕೆ ಸರ್ಕಾರಿ ಕಡತದಲ್ಲಿ ಜಾಗ ಸಿಕ್ಕಿದ್ದು ಕಂಪನಿಯ ಕಾಲದಲ್ಲಿ. 1831ರಲ್ಲಿ ಕರ್ನಲ್ ಸೈಕ್ಸ್ ಎಂಬ ಅಧಿಕಾರಿ ದಖ್ಖನಿನ ತೋಳವನ್ನು ಬೇರೆ ಬಗೆಯೆಂದು ಗುರುತಿಸಿ ವೈಜ್ಞಾನಿಕ ಹೆಸರು ಕೊಟ್ಟ. ಹೆಸರು ಕೊಟ್ಟವರ ಮುಂದಿನ ತಲೆಮಾರು ತಲೆಗೆ ಬೆಲೆ ಕಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಕೊಂದ ಪ್ರಾಣಿಯ ಗುರುತು ತಂದು ತೋರಿಸಿದರೆ ಇನಾಮು. ಇತಿಹಾಸಕಾರ ಮಹೇಶ್ ರಂಗರಾಜನ್ ಆ ದಾಖಲೆಗಳನ್ನು ಕೂಡಿಸಿ ನೋಡಿದ್ದಾರೆ: 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80 ಸಾವಿರಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ, ಎರಡು ಲಕ್ಷ ತೋಳ ಇನಾಮಿಗಾಗಿ ಸತ್ತವು. ಹುಲಿ ಕೊಂದ ಸಾಹೇಬನ ಫೋಟೊ ಇಂದಿಗೂ ಗೋಡೆಯ ಮೇಲಿದೆ. ತೋಳ ಕೊಂದವನ ಫೋಟೊ ಎಲ್ಲೂ ಇಲ್ಲ. ಅವನು ಗುಂಡಿ ತೋಡಿದ ಬಡವ, ಇನಾಮು ಅವನಿಗೆ ಕೂಲಿ. ಗಾದೆಯ ಕಲ್ಲಿಗೆ ಈಗ ಬೆಲೆ ಬಂದಿತ್ತು.

ಆದರೆ ನಮ್ಮ ಬಯಲಿನ ತೋಳವನ್ನು ಓಡಿಸಿದ್ದು ಇನಾಮಿಗಿಂತ ಹೆಚ್ಚಾಗಿ ನೆಲದ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಚಿನ್ನದ ಕಥೆಗೆ ಹೋಗಬೇಕು.

ಟಿಪ್ಪು ಮಡಿದ ಮೂರು ವರ್ಷಕ್ಕೆ, 1802ರಲ್ಲಿ, ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಉರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದರು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಅಲ್ಲಿಂದ ಮುಂದಿನ ಕಥೆಯನ್ನು ಎಲ್ಲರೂ ಬರೆದಿದ್ದಾರೆ: ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್, ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಬಂದ ಕೂಲಿಗಳು, ಪ್ಲೇಗು ಬಂದ ಮೇಲೆ ಎದ್ದ ರಾಬರ್ಟ್‌ಸನ್‌ಪೇಟೆ, 1930ರ ಕೈಬಳೆ ಮುಷ್ಕರ. ಯಾರೂ ಹೆಚ್ಚು ಬರೆಯದ್ದು ಸೌದೆಯ ಕಥೆ. ಮೊದಲ ಎರಡು ದಶಕ ಗಣಿಯ ಯಂತ್ರಗಳು ಓಡಿದ್ದು ಉಗಿಯಿಂದ. ಉಗಿಗೆ ಬೆಂಕಿ ಬೇಕು, ಬೆಂಕಿಗೆ ಕಲ್ಲಿದ್ದಲಿನ ಜೊತೆಗೆ ಸೌದೆ. ನೆಲದಡಿಯ ಸುರಂಗ ಕುಸಿಯದಂತೆ ಆನಿಸಲು ಮರದ ದಿಮ್ಮಿ. ಸಾವಿರಾರು ಮನೆಗಳ ಒಲೆಗೆ ಪುಳ್ಳೆ. ರೈಲಿಗೂ ಸೌದೆ. ಸುತ್ತಣ ಗುಡ್ಡಗಳು ಬೋಳಾಗಲು ಇನ್ನೇನು ಬೇಕು? 1902ರಲ್ಲಿ ಶಿವನಸಮುದ್ರದಿಂದ ಸುಮಾರು 90 ಮೈಲಿ ದೂರಕ್ಕೆ ವಿದ್ಯುತ್ ಬಂತು. ಏಷ್ಯಾದ ಮೊದಲ ದೊಡ್ಡ ವಿದ್ಯುತ್ ಮಾರ್ಗಗಳಲ್ಲಿ ಒಂದೆಂದು ಅದನ್ನು ಹೊಗಳುತ್ತೇವೆ. ಕಾವೇರಿಯ ನೀರು ಕೋಲಾರದ ಮರಗಳಿಗೆ ಕೊಟ್ಟ ಬಿಡುವು ಎಂದೂ ಹೊಗಳಬಹುದು. ಅಷ್ಟರಲ್ಲಿ ತಡವಾಗಿತ್ತು ಎನ್ನುವುದು ಬೇರೆ ಮಾತು.

ಗುಡ್ಡ ಬೋಳಾದಾಗ ದೋಷ ಯಾರ ಮೇಲೆ ಬಿತ್ತು? ಮೈಸೂರಿನಲ್ಲಿ ಅರಣ್ಯ ಇಲಾಖೆ ಆರಂಭವಾದದ್ದು ಬೌರಿಂಗ್ ಕಾಲದಲ್ಲೇ, 1864ರಲ್ಲಿ. ಬ್ರಿಟಿಷ್ ಇಂಡಿಯಾದ 1878ರ ಅರಣ್ಯ ಕಾಯಿದೆ ಮೀಸಲು ಕಾಡಿಗೆ ಬೆಂಕಿ ಹಾಕುವುದನ್ನು ಅಪರಾಧವೆಂದಿತು. ಮೈಸೂರಿನ 1900ರ ಅರಣ್ಯ ಕಾನೂನು ಅದೇ ಹಾದಿ ಹಿಡಿಯಿತು. ಹೊಸ ಹುಲ್ಲು ಚಿಗುರಲೆಂದು ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ಹಾಕುವ ರೂಢಿ ದನಗಾಹಿ, ಕುರಿಗಾಹಿಗಳಲ್ಲಿ ಇತ್ತು, ನಿಜ. ಅಂತರಗಂಗೆಯ ಬೆಟ್ಟ ಸಾಲಿನಲ್ಲಿ ಬೇಸಿಗೆಯ ಸಂಜೆ ಬೆಂಕಿಯ ಸರ ಕಾಣುವುದು ಕೋಲಾರದವರಿಗೆ ಹೊಸತಲ್ಲ. ಕೋಲಿನ ತುದಿಯ ಕಿಡಿ ಹಿಡಿತ ತಪ್ಪಿದರೆ ಮರಿ, ಮೊಟ್ಟೆ, ಸಸಿ ಎಲ್ಲ ಬೂದಿ. ಅದನ್ನು ಸಮರ್ಥಿಸಲು ನನ್ನಿಂದಾಗದು. ಆದರೆ ಗಣಿಯ ಬಾಯ್ಲರಿನೊಳಗೆ ಇಪ್ಪತ್ತು ವರ್ಷ ಉರಿದ ಕಾಡಿಗೆ ಯಾವ ಕಾಯಿದೆಯೂ ಅಡ್ಡ ಬರಲಿಲ್ಲ. ಕುರಿಗಾರನ ಬೆಂಕಿಪೊಟ್ಟಣಕ್ಕೆ ಮಾತ್ರ ದಂಡ. ಬೂದಿಯ ಹೆಸರನ್ನೇ ಹೊತ್ತ ಕೋಟೆಯಿರುವ ತಾಲ್ಲೂಕಿನಲ್ಲಿ ಈ ವ್ಯತ್ಯಾಸ ಕೊಂಚ ಎದ್ದು ಕಾಣುತ್ತದೆ.

ಈ ಅನುಮಾನ ಇಂದಿಗೂ ಹೋಗಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ ಮೊದಲ ಬೆರಳು ತಿರುಗಿದ್ದು ಕಾಡಂಚಿನ ದನಗಾಹಿಗಳ ಕಡೆಗೆ. ಕೆಲವು ಕಡೆ ಅದು ಸತ್ಯವೇ ಇರಬಹುದು. ಲಂಟಾನ ಬೆಳೆದು ಒಣಗಿ ನಿಂತ ಕಾಡಿನಲ್ಲಿ, ಮಳೆ ಕೈಕೊಟ್ಟ ವರ್ಷದಲ್ಲಿ, ಒಂದು ಬೀಡಿಯೂ ಸಾಕು.

ಸ್ವಾತಂತ್ರ್ಯದ ನಂತರದ ಕಥೆಯನ್ನು ಬೇಗ ಹೇಳಬಹುದು. ಗೋಮಾಳ ಹಂಚಿಹೋಯಿತು; ಕೆಲವು ಬಡವರಿಗೆ, ಕೆಲವು ಬಡವರ ಹೆಸರಿನಲ್ಲಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು, ಅದರ ಜೊತೆಗೆ ನೀಲಗಿರಿ. ರಾಗಿ ಬೆಳೆಯುವ ಹೊಲವೂ ನೀಲಗಿರಿ ತೋಪಾಯಿತು. ಅದರಡಿ ಹುಲ್ಲು ಸರಿಯಾಗಿ ಬೆಳೆಯದು. ಒಣಗಿದ ಎಲೆಗೆ ಕಿಡಿ ತಾಗಿದರೆ ಎಣ್ಣೆಯಂತೆ ಉರಿಯುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಕುರಿಗಾರನ ದಾರಿ ಕಿರಿದಾಯಿತು, ಹಿಂಡು ಸಣ್ಣದಾಯಿತು, ಹಿಂಡಿನ ಹಿಂದೆ ಬರುತ್ತಿದ್ದ ಪ್ರಾಣಿ ಗಾದೆಯಲ್ಲಿ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತೋಳವನ್ನು ಮೊದಲ ಅನುಸೂಚಿಗೆ, ಹುಲಿಯ ಪಕ್ಕಕ್ಕೆ, ತಂದು ಕೂರಿಸಿತು. ಅದು ನಿಂತ ನೆಲ ಮಾತ್ರ ಯಾವ ಅನುಸೂಚಿಯಲ್ಲೂ ಇರಲಿಲ್ಲ.

ಒಂದು ವಿಚಿತ್ರ. ಗಣಿಯೇ ಬಯಲನ್ನು ತಿಂದಿತು, ಬಯಲಿನ ಒಂದು ಪ್ರಾಣಿಯನ್ನು ಉಳಿಸಿದ್ದೂ ಗಣಿಯೇ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಸಾವಿರಾರು ಕುಟುಂಬಗಳ ಅನ್ನ ಹೋಯಿತು. ಬೆಳಗಿನ ಜಾವ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೂಲಿಗೆ ಹೋಗುವ ರೈಲು ತುಂಬಿ ತುಳುಕಲಾರಂಭಿಸಿತು. ಅತ್ತ ಕಂಪನಿಯ ಸಾವಿರಾರು ಎಕರೆ ಖಾಲಿ ನೆಲದಲ್ಲಿ ಹುಲ್ಲು ಬೆಳೆಯಿತು, ಕೃಷ್ಣಮೃಗಗಳು ಹೆಚ್ಚಿದವು. ಸೈನೈಡ್ ದಿಬ್ಬದ ಬುಡದಲ್ಲಿ ಕೊಂಬು ತಿರುಚಿದ ಕಪ್ಪು ಗಂಡು ನಿಂತಿರುವ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ಗಣಿ ಕಾರ್ಮಿಕರ ಮಕ್ಕಳೇ ಬೆರಗಾದರು. ಅದೇ ದಿಬ್ಬದ ಧೂಳು ಬೇಸಿಗೆಯ ಗಾಳಿಗೆ ಅದೇ ಮಕ್ಕಳ ಮನೆಯೊಳಗೆ ಬೀಳುತ್ತದೆ. ಜಿಂಕೆಗೆ ಸ್ವರ್ಗ, ಮನುಷ್ಯನಿಗೆ ಕೆಮ್ಮು. ಆ ಜಿಂಕೆಗಳಿಗೆ ಈಗ ತೋಳದ ಭಯವಿಲ್ಲ, ಬೀದಿನಾಯಿಯ ಭಯವಿದೆ.

ಹೋದ ಪ್ರಾಣಿ ಮರಳಿ ಬಂದರೆ ಏನಾಗುತ್ತದೆ ಎಂಬುದನ್ನು ಬಂಗಾರಪೇಟೆಗೆ ಕಲಿಸಿದ್ದು ತೋಳವಲ್ಲ, ಆನೆ.

ತಾಲ್ಲೂಕಿನ ದಕ್ಷಿಣದ ಕಾಮಸಮುದ್ರ ಹೋಬಳಿಯ ಆಚೆ ಒಂದು ಕಡೆ ತಮಿಳುನಾಡಿನ ಕೃಷ್ಣಗಿರಿ, ಇನ್ನೊಂದು ಕಡೆ ಆಂಧ್ರದ ಕುಪ್ಪಂ. ಆ ಗಡಿ ಕಾಡುಗಳಲ್ಲಿ ಸುಮಾರು ಎರಡು ಶತಮಾನ ಆನೆಯ ನೆಲೆ ಇರಲಿಲ್ಲ. 1980ರ ದಶಕದ ಆರಂಭದ ಬರದ ವರ್ಷಗಳಲ್ಲಿ ಹೊಸೂರು, ಧರ್ಮಪುರಿಯ ಕಾಡಿನಿಂದ ಆನೆಗಳ ಗುಂಪುಗಳು ಪೂರ್ವಕ್ಕೆ ನಡೆದವು. ಯಾರೂ ಲಾರಿಯಲ್ಲಿ ತಂದು ಬಿಟ್ಟದ್ದಲ್ಲ. ತಾವೇ ಬಂದವು, ಚಿತ್ತೂರಿನ ಕಾಡಿನಲ್ಲಿ ನೆಲೆನಿಂತವು. ಆಂಧ್ರ ಸರ್ಕಾರ 1990ರಲ್ಲಿ ಕೌಂಡಿನ್ಯ ವನ್ಯಜೀವಿಧಾಮ ಮಾಡಿತು. ಆ ಓಡಾಟದ ದಾರಿಯಲ್ಲೇ ಕಾಮಸಮುದ್ರ ಇದೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕವೂ ತನ್ನ ಬದಿಯ ಕಾಡನ್ನು ಕಾಮಸಂದ್ರ ವನ್ಯಜೀವಿಧಾಮ ಎಂದು ಗುರುತಿಸಿದೆ.

ಎರಡು ನೂರು ವರ್ಷವೆಂದರೆ ಏಳೆಂಟು ತಲೆಮಾರು. ಆನೆಯೊಡನೆ ಬದುಕುವುದು ಹೇಗೆಂದು ಕೊಡಗಿನವನಿಗೆ, ಕಾಕನಕೋಟೆಯವನಿಗೆ ಅಜ್ಜ ಹೇಳಿಕೊಟ್ಟಿರುತ್ತಾನೆ. ಕಾಮಸಮುದ್ರದ ರೈತನ ತಾತನಿಗೆ ಆನೆ ಎಂದರೆ ದೇವಸ್ಥಾನದ ಆನೆ, ಸರ್ಕಸ್ಸಿನ ಆನೆ. ರಾಗಿ ಹಾಲು ತುಂಬಿದ ರಾತ್ರಿ ಹೊಲದಲ್ಲಿ ಕಪ್ಪು ಗುಡ್ಡವೊಂದು ಸರಿದಾಡಿದಾಗ ಅವನು ಪಂಜು ಹಿಡಿದು ಓಡಿದ, ಪಟಾಕಿ ಹೊಡೆದ, ತಮಟೆ ಬಡಿದ. ಅದರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಆನೆಗಳೂ ಹೊಲದ ಕರೆಂಟು ತಂತಿಗೆ ಸಿಕ್ಕಿ ಸತ್ತವು. ಟೊಮೆಟೊ, ಬಾಳೆ, ಹಿಪ್ಪುನೇರಳೆ, ಕೊಳವೆಬಾವಿಯ ಪೈಪು, ಡ್ರಿಪ್ಪು, ಒಂದು ರಾತ್ರಿಯಲ್ಲಿ ಒಂದು ವರ್ಷದ ಸಾಲ ನೆಲಸಮ. ಇದು ನದಿಯಿಲ್ಲದ ಜಿಲ್ಲೆ; ಪಾಲಾರ್ ಎಂಬುದು ವರ್ಷದ ಬಹುಪಾಲು ಮರಳಿನ ಹೆಸರು. ಸಾವಿರ ಅಡಿಗೂ ಆಳದಿಂದ ನೀರೆತ್ತಿ ಬೆಳೆದ ಬಾಳೆಯನ್ನು ಆನೆ ತಿಂದಾಗ, ಕಾಡುಪ್ರಾಣಿಯೂ ನಮ್ಮ ಸಹಜೀವಿ ಎಂಬ ಮಾತು ಬೆಂಗಳೂರಿನಲ್ಲಿ ಕೇಳಿಸುವಷ್ಟು ಚೆನ್ನಾಗಿ ಅಲ್ಲಿ ಕೇಳಿಸುವುದಿಲ್ಲ. ಮೂರು ರಾಜ್ಯದ ಅರಣ್ಯ ಸಿಬ್ಬಂದಿ ತಂತಮ್ಮ ಗಡಿಯಿಂದ ಆನೆಯನ್ನು ಆಚೆಗೆ ಅಟ್ಟುತ್ತಾರೆ. ವಾರನ್ ಅಳೆದು ಗೆರೆ ಎಳೆದ ಗಡಿಯನ್ನು ಆನೆ ಓದಿಲ್ಲ.

ಇಲ್ಲಿ ಅಮೆರಿಕದ ಒಂದು ಉದಾಹರಣೆ ನೆನಪಾಗುತ್ತದೆ. ದನಗಾಹಿಗಳ ಆ ನಾಡು ಬಂದೂಕು, ವಿಷ, ಇನಾಮುಗಳಿಂದ ತೋಳವನ್ನು ಅಳಿಸಿತು; ಯೆಲ್ಲೋಸ್ಟೋನ್ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳ ಮುಗಿದಿತ್ತು. ಎಪ್ಪತ್ತು ವರ್ಷದ ನಂತರ, 1995 ಮತ್ತು 1996ರಲ್ಲಿ, ಕೆನಡಾದಿಂದ 31 ತೋಳ ತಂದು ಬಿಟ್ಟರು. ಆಮೇಲೆ ಕೊಲರಾಡೋ ರಾಜ್ಯದ ಸರದಿ. ಅಲ್ಲಿ ತೋಳ ತರಬೇಕೇ ಬೇಡವೇ ಎಂಬುದನ್ನು ಜನರ ಮತಕ್ಕೇ ಬಿಟ್ಟರು. 2020ರ ಅಕ್ಟೋಬರಿನಲ್ಲಿ ಗ್ರ್ಯಾಂಡ್ ಕೌಂಟಿ ಎಂಬ ಸೀಮೆಯಲ್ಲಿ ಕಾಳ್ಗಿಚ್ಚು ಎದ್ದು, ಒಂದೇ ದಿನಕ್ಕೆ ಲಕ್ಷ ಎಕರೆ ಹಬ್ಬಿ, ಒಟ್ಟು ಎರಡು ಲಕ್ಷ ಎಕರೆಯ ಹತ್ತಿರ ಸುಟ್ಟಿತು. ಅದಾಗಿ ಎರಡು ವಾರವೂ ಕಳೆದಿರಲಿಲ್ಲ, ನವೆಂಬರ್ 3ರಂದು ಮತದಾನ. ನಗರಗಳ ಮತದಿಂದ, ಕೂದಲೆಳೆಯ ಅಂತರದಲ್ಲಿ, ತೋಳ ಗೆದ್ದಿತು. ದನ ಸಾಕುವ ಹಳ್ಳಿಗಾಡು ಬೇಡವೆಂದಿತ್ತು. 2023ರ ಡಿಸೆಂಬರಿನಲ್ಲಿ ಮೊದಲ ತೋಳಗಳನ್ನು ಪಂಜರದಿಂದ ಬಿಟ್ಟದ್ದು ಅದೇ ಗ್ರ್ಯಾಂಡ್ ಕೌಂಟಿಯಲ್ಲಿ. ಬೆಂಕಿಯಲ್ಲಿ ಬೇಲಿ, ಹುಲ್ಲು ಕಳೆದುಕೊಂಡವರ ಬಾಗಿಲಿಗೆ ಪಟ್ಟಣದವರು ತೋಳ ಕಳಿಸಿದರು ಎಂದು ಅಲ್ಲಿನ ದನಗಾರನಿಗೆ ಅನ್ನಿಸಿದ್ದರೆ ಆಶ್ಚರ್ಯವೇನು? ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ತೋಳ ಒಂದು ಕರು ಕೊಂದರೆ 15 ಸಾವಿರ ಡಾಲರಿನವರೆಗೆ ಪರಿಹಾರ ಕೊಡಲು ಕಾನೂನು ಇದೆ. ಆ ದನಗಾರನಿಗೆ ಸ್ವಂತ ನೆಲವಿದೆ, ವಕೀಲನಿದ್ದಾನೆ, ಶಾಸನಸಭೆಯಲ್ಲಿ ದನಿಯಿದೆ.

ನಮ್ಮ ಅಲೆಮಾರಿ ಕುರಿಗಾರನ ಸ್ಥಿತಿ ಹಾಗಿಲ್ಲ. ಕಾಡುಪ್ರಾಣಿ ಕುರಿ ಕೊಂದರೆ ಅರಣ್ಯ ಇಲಾಖೆಯ ಪರಿಹಾರವಿದೆ. ಕುರಿ ಸತ್ತರೆ ಅನುಗ್ರಹ ಯೋಜನೆಯೂ ಇದೆ. ಆದರೆ ಸತ್ತ ಕುರಿಯ ಮುಂದೆ ಪಶುವೈದ್ಯರು ಬರಬೇಕು, ಮರಣೋತ್ತರ ಪರೀಕ್ಷೆಯಾಗಬೇಕು, ಯಾವ ಪ್ರಾಣಿ ಕೊಂದದ್ದೆಂದು ಬರೆಯಬೇಕು. ಇಂದು ಒಂದು ಊರಿನ ಹೊಲದಲ್ಲಿ, ನಾಡಿದ್ದು ಇನ್ನೊಂದು ಊರಿನ ಹೊಲದಲ್ಲಿ ಮಂದೆ ನಿಲ್ಲಿಸುವವನು ಒಂದು ಕುರಿಗಾಗಿ ಇನ್ನೂರು ಕುರಿಯ ಪಯಣ ನಿಲ್ಲಿಸಲಾರ. ಅವನು ಚರ್ಮ ಸುಲಿದು, ಮಾಂಸ ಮಾರಿ, ಮುಂದೆ ನಡೆಯುತ್ತಾನೆ. ಆ ಸಾವು ಯಾವ ಅಂಕಿಅಂಶಕ್ಕೂ ಸೇರುವುದಿಲ್ಲ. ತೋಳದಿಂದ ಇಷ್ಟೇ ನಷ್ಟ ಎಂದು ಇಲಾಖೆಯ ಪಟ್ಟಿ ಹೇಳಿದರೆ, ಪಟ್ಟಿಯ ಹೊರಗೂ ಕುರಿಗಳಿದ್ದವು ಎಂದು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕರ್ನಾಟಕದಲ್ಲಿ ತೋಳಕ್ಕೆ ಜಾಗ ಕೊಡುವ ಪ್ರಯತ್ನ ಇಲ್ಲವೆಂದಲ್ಲ. ಮೇಲುಕೋಟೆಯ ಕಾಡನ್ನು 1974ರಲ್ಲಿ ವನ್ಯಜೀವಿಧಾಮ ಮಾಡಿದ್ದು ಮುಖ್ಯವಾಗಿ ತೋಳಕ್ಕಾಗಿ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಜಯಮಂಗಲಿ ಮೀಸಲು ಪ್ರದೇಶ 2007ರಲ್ಲಿ ಬಂತು; ಕೃಷ್ಣಮೃಗಕ್ಕೆಂದು ಉಳಿಸಿದ ಹುಲ್ಲು ತೋಳಕ್ಕೂ ಸಿಕ್ಕಿತು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ, ಸುಮಾರು 332 ಎಕರೆಯಲ್ಲಿ, 2024ರಲ್ಲಿ ತೋಳಕ್ಕೇ ಮೀಸಲಾದ ಧಾಮ ಘೋಷಣೆಯಾಯಿತು. 332 ಎಕರೆ ತೋಳದ ಒಂದು ರಾತ್ರಿಯ ಓಟಕ್ಕೂ ಸಾಲದು. ಅದು ಮರಿ ಹಾಕುವ ತೊಟ್ಟಿಲು. ಅನ್ನ ಮಾತ್ರ ಸುತ್ತಲಿನ ಕುರಿಗಾರರ ಬಯಲಿನಲ್ಲೇ ಸಿಗಬೇಕು. ದೇಶದಲ್ಲಿ ಈಗ ಉಳಿದಿರುವ ತೋಳಗಳು ಮೂರು ಸಾವಿರದ ಆಸುಪಾಸು ಎಂದು ತಜ್ಞರ ಅಂದಾಜು. ಹುಲಿಗಿಂತ ಕಡಿಮೆ! ಹುಲಿಗೆ ಯೋಜನೆಯಿದೆ, ತೋಳಕ್ಕೆ ಗಾದೆಯಿದೆ.

ಭಯದ ಮಾತನ್ನೂ ಮುಚ್ಚಿಡಬಾರದು. ಉತ್ತರಪ್ರದೇಶದ ಬಹ್ರೈಚ್ ಜಿಲ್ಲೆಯಲ್ಲಿ 2024ರ ಮಳೆಗಾಲದಲ್ಲಿ ತೋಳಗಳು ಮನೆಯಂಗಳದಲ್ಲಿ ಮಲಗಿದ್ದ ಮಕ್ಕಳನ್ನು ಹೊತ್ತೊಯ್ದವು. ಬಾಗಿಲಿಲ್ಲದ ಗುಡಿಸಲು, ಕರೆಂಟಿಲ್ಲದ ರಾತ್ರಿ, ಕೂಲಿಗೆ ಹೋದ ತಾಯಿ. ಸತ್ತ ಮಕ್ಕಳು ಬಡವರ ಮಕ್ಕಳು. ಅಂಥ ಕಡೆ ತೋಳದ ಪರ ವಾದ ಮಾಡಲು ಎದೆ ಗಟ್ಟಿ ಇರಬೇಕು, ನನಗಿಲ್ಲ. ನಮ್ಮ ಬಯಲುಸೀಮೆಯ ಕುರಿಗಾರರ ಅನುಭವ ಬೇರೆ. ಅವರ ಮಾತಿನಲ್ಲಿ ತೋಳ ಕುರಿಕಳ್ಳ, ಕೂಗಿದರೆ ಓಡುವ ಕಳ್ಳ.

ಈಗ ಕೆ.ಜಿ.ಎಫ್. ನೆಲದ ಮೇಲೆ ಮತ್ತೆ ಕಣ್ಣು ಬಿದ್ದಿದೆ. ಗಣಿ ಕಂಪನಿಯ ಮೂರು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಕೈಗಾರಿಕಾ ಪ್ರದೇಶ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರ ಮುಂದಿಟ್ಟಿದೆ. ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ 13 ದಿಬ್ಬಗಳ ಮಣ್ಣನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಬೆಂಗಳೂರಿನ ರೈಲು ಹಿಡಿಯುವ ಮಗನ ತಾಯಿಗೆ ಊರಲ್ಲೇ ಕೆಲಸ ಸಿಗುವುದಾದರೆ ಕೃಷ್ಣಮೃಗದ ಚಿಂತೆ ಯಾಕೆ ಬೇಕು? ಆಕೆಯನ್ನು ಯಾರೂ ಕೇಳಿಲ್ಲ, ಜಿಂಕೆಯನ್ನಂತೂ ಕೇಳುವ ಪ್ರಶ್ನೆಯೇ ಇಲ್ಲ.

ಅತ್ತ ಕಾಮಸಮುದ್ರದ ಕಡೆ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸವರಬೇಕು; ಒಣಹುಲ್ಲು ಕೆರೆದು, ಸುಟ್ಟು, ಬೆಂಕಿಗೆ ಬೆಂಕಿಯ ಗಡಿ ಹಾಕುವ ಹಳೆಯ ಉಪಾಯ. ಕೂಲಿಗೆ ಬರುವವರು ಕಾಡಂಚಿನ ಊರಿನವರೇ. ಹಿಂದೆ ಕಿಡಿ ಹಾಕಿದ್ದಕ್ಕೆ ದಂಡ ಕಟ್ಟಿದವರ ಮೊಮ್ಮಕ್ಕಳು ಈಗ ಕಿಡಿ ಕಾಯುತ್ತಾರೆ. ಕಾಡಿನಂಚಿನಲ್ಲಿ ಆನೆ ಕಂದಕವೂ ಇದೆ. ತೋಳದ ಗುಂಡಿಯನ್ನು ಊರವರು ತೋಡುತ್ತಿದ್ದರು, ಕಂದಕವನ್ನು ಸರ್ಕಾರ ಜೆ.ಸಿ.ಬಿ.ಯಲ್ಲಿ ತೋಡುತ್ತದೆ. ಒಂದು ಜೋರು ಮಳೆಗೆ ಅದರ ದಂಡೆ ಕುಸಿಯುತ್ತದೆ. ಕುಸಿದ ಜಾಗದಲ್ಲಿ ರಾತ್ರಿ ಆನೆ ದಾಟುತ್ತದೆ, ಹಗಲು ಕುರಿ ದಾಟುತ್ತದೆ.